ನನ್ನ ಕಂಪನಿಯ ಫೈಲಿಗೆ ನನಗೇ ಪರ್ಮಿಷನ್ ಇಲ್ಲ

ನಿಮ್ಮ ಮನೆ ಬಾಗಿಲು ನೀವೇ ತಟ್ಟಿದಾಗ ಒಳಗಿನಿಂದ ‘ಯಾರು ಬೇಕಿತ್ತು?’ ಅಂದರೆ ಹೇಗಿರುತ್ತೆ? ಹೋದ ವಾರ ಕಂಪ್ಯೂಟರ್ ನನಗೆ ಹಾಗೇ ಮಾಡಿತು. ‘ಈ ಫೈಲ್ ನೋಡಲು ನಿಮಗೆ ಅನುಮತಿ ಇಲ್ಲ.’ ಫೈಲ್ ನನ್ನ ಕಂಪನಿಯದು. ಕಂಪ್ಯೂಟರೂ ನನ್ನದೇ. (ಕೂತಿದ್ದ ಕುರ್ಚಿ ಕೂಡ.)

ವಿಷಯ ಇಷ್ಟೇ. ರಾಯದುರ್ಗದಲ್ಲಿ ನಮ್ಮದು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆ. ಮಡಕಶಿರದ ಆಫೀಸನ್ನು ಅಲ್ಲಿಗೇ ಮದುವೆಯಾಗಿ ಹೋದ ತಂಗಿ ಸುಜಾತ ನೋಡಿಕೊಳ್ಳುತ್ತಾಳೆ. ಆ ಕಡೆಯ ನರ್ಸಿಂಗ್ ಹುಡುಗಿಯರ ಆರ್ಡರ್ ಸಿಕ್ಕಿತ್ತು. ಒಬ್ಬೊಬ್ಬಳ ಹೆಸರು, ಮೈ ಅಳತೆ, ಫಿಟ್ಟಿಂಗ್ ಸರಿಬರಲೆಂದು ಎದುರಿನಿಂದ, ಪಕ್ಕದಿಂದ ತೆಗೆದ ಫೋಟೋ. ಎಲ್ಲ ಸೇರಿ ಆನೆ ಗಾತ್ರದ ಫೈಲು. ಮೇಲ್‌ನಲ್ಲಿ ಹೋಗಲೊಲ್ಲದು.

‘ಡ್ರೈವಿಗೆ ಏರಿಸಿ ಲಿಂಕ್ ನಮ್ಮ ಗ್ರೂಪಿಗೆ ಹಾಕವ್ವ. ಯಾರಿಗೆ ಬೇಕೋ ತಗೋತಾರ’ ಅಂದೆ. ನರ್ಸಿಂಗ್ ಹುಡುಗಿಯರ ಫೈಲ್ ಬರುತ್ತೆ ಅಂತ ಗ್ರೂಪಿನಲ್ಲಿ ಡಂಗುರವನ್ನೂ ಹೊಡೆದಿದ್ದೆ. ಆ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮವರಿದ್ದಾರೆ, ನಮಗೆ ಬೇಕಾದವರಿದ್ದಾರೆ, ಯಾವಾಗ ಸೇರಿದರೋ ಗೊತ್ತಿಲ್ಲದವರೂ ಇದ್ದಾರೆ.

‘ಹಾಕಲ್ಲ ಕಣಣ್ಣ’ ಅಂದಳು ಸುಜಾತ.

ಡ್ರೈವಿಗೇನೋ ಏರಿಸಿದಳು. ಆದರೆ ಬೀಗ ಜಡಿದು, ತೆರೆಯುವ ಅನುಮತಿಯನ್ನು ಒಬ್ಬರಿಗೇ ಕೊಟ್ಟಳು. ನನಗಲ್ಲ, ಹೆಂಗಸರ ಬಟ್ಟೆಯ ಕಟಿಂಗ್ ನೋಡಿಕೊಳ್ಳುವ ನನ್ನ ಹೆಂಡತಿಗೆ! ಪಾಸ್‌ವರ್ಡನ್ನು ಮೆಸೇಜ್ ಮಾಡಲಿಲ್ಲ. ಫೋನ್ ಮಾಡಿ ಅತ್ತಿಗೆಯ ಕಿವಿಗೇ ಹಾಕಿದಳು.

ನನಗೆ ಪಿತ್ತ ನೆತ್ತಿಗೇರಿತು. ‘ಒಡಹುಟ್ಟಿದ ಅಣ್ಣನ ಮ್ಯಾಲೂ ನಂಬಿಕಿ ಇಲ್ಲೇನು ನಿನಗ?’

‘ನಂಬಿಕೆ ಮಾತಲ್ಲ ಬಿಡಣ್ಣ. ಅಮ್ಮ ಹೊಲಿಗೆ ಅಂಗಡೀಲಿ ಹೆಂಗಸ್ರ ಅಳತೆ ತಗಿಯೋವಾಗ ಅಪ್ಪನ್ನೂ ಆಚೆ ಕಳುಸ್ತಿರ್ಲಿಲ್ವಾ? ಈ ಹುಡುಗೀರು ನನ್ನ ನಂಬಿ ನಿಂತವ್ರೆ. ನಿನ್ನ ಗ್ರೂಪ್ ನಂಬಿ ಅಲ್ಲ.’

ಹೆಂಡತಿಯಾದರೂ ತೋರಿಸುತ್ತಾಳೇನೋ ಅಂತ ಕಟಿಂಗ್ ರೂಮಿಗೆ ಹೋದೆ. ಮಾನಿಟರ್ ಗೋಡೆ ಕಡೆ ತಿರುಗಿತ್ತು. ‘ಕೆಲಸ ನಡದೈತ್ರಿ. ನೀವು ಹೊರಗ ಕುಂದರ್ರಿ’ ಅಂದಳು. ಕೂತೆ. ಮಾಲೀಕನ ಗತ್ತು ಅಷ್ಟೇ ನೋಡಿ.

ಅಷ್ಟರಲ್ಲಿ ನಮಗೆ ಗುಂಡಿ ಸಪ್ಲೈ ಮಾಡುವವರ ಫೋನ್. ಒಳ್ಳೆಯ ಮನುಷ್ಯರೇ. ನಮ್ಮ ಮನೆಯಲ್ಲಿ ಕೂತು ಊಟ ಮಾಡುವಷ್ಟು ಸಲಿಗೆ. ‘ಏನ್ರಿ ಸಾವ್ಕಾರ್ರ, ಗ್ರೂಪ್ ನೋಡಿ ನೋಡಿ ಸಾಕಾತು. ಆ ಹುಡುಗೇರ ಫೋಟೋ ಇನ್ನಾ ಹಾಕಿಲ್ಲಲ್ರಿ?’ ಅಂದು ನಕ್ಕರು.

ಆ ನಗು ಕೇಳಿ ಕೂತಲ್ಲಿಂದ ಎದ್ದು ನಿಂತೆ.

‘ಗುಂಡಿಗೆ ಫೋಟೋ ಯಾಕ್ರಿ?’ ಅಂದೆ.

‘ಸುಮ್ನ ಕೇಳ್ದೆ ಬಿಡ್ರಿ’ ಅಂದರು.

ತಂಗಿ ನನ್ನ ಮಾತು ಕೇಳಿದ್ದರೆ? ಆ ಹುಡುಗಿಯರ ಮುಖ, ಹೆಸರು, ಅಳತೆ ಅಷ್ಟೊತ್ತಿಗೆ ಯಾರ್ಯಾರ ಜೇಬು ಸೇರಿರುತ್ತಿತ್ತೋ! ತಕ್ಷಣ ಸುಜಾತಳಿಗೆ ಫೋನ್ ಮಾಡಿದೆ. ‘ಮರ್ಯಾದಿ ಉಳಿಸಿದಿ ತಾಯಿ’ ಅಂದೆ. ತಂಗಿಗೆ ಹೀಗೆ ಮನಸ್ಸು ತುಂಬಿ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಅವಳು ‘ಸರಿ ಸರಿ, ಬಟ್ಟೆ ಬೇಗ ಕಳ್ಸಣ್ಣ’ ಅಂದು ಫೋನಿಟ್ಟಳು.

ಬಟ್ಟೆ ಹೊತ್ತಿಗೆ ಸರಿಯಾಗಿ ಹೋದವು. ಹುಡುಗಿಯರಿಗೆ ಇದ್ಯಾವುದೂ ಗೊತ್ತಿಲ್ಲ.

ಅಂದಹಾಗೆ, ನಿಮ್ಮ ಮನೆ ಹೆಣ್ಣುಮಕ್ಕಳ ಅಳತೆ ಈಗ ಯಾರ ಫೋನಿನಲ್ಲಿದೆ?