ಬೋರ್ಡಿಯಲ್ಲಿ ಉಬ್ಬರದ ಹೊತ್ತು

ಬಸಲಿಂಗಪ್ಪನವರಂಥ ಪುಕ್ಕಲನನ್ನು ನವಿ ಮುಂಬಯಿಯ ಕೋಪರಖೈರಣೆಯ ನಮ್ಮ ಹೌಸಿಂಗ್ ಸೊಸೈಟಿ ಇನ್ನೊಬ್ಬನನ್ನು ಕಂಡಿಲ್ಲ. ವಾಶಿಯ ಮಸಾಲೆ ಮಾರ್ಕೆಟ್ಟಿನಲ್ಲಿ ಗುಮಾಸ್ತಿಕೆ ಮಾಡಿ ರಿಟೈರಾದವರು. ಲಿಫ್ಟ್ ನಡುವೆ ನಿಂತೀತೆಂದು ಮೆಟ್ಟಿಲು ಹತ್ತುತ್ತಾರೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಗೇಟಿನಿಂದ ತಿರುಗಿ ಬರುತ್ತಾರೆ. ಎದುರುಮನೆಯವಳಾದ ನಾನು ಅವರನ್ನು ಗೋಳುಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ಅವರೂ ನಗುತ್ತಿದ್ದರು. ಅವರ ಹೆಂಡತಿ ನೀಲಗಂಗಾ ಮಾತ್ರ ನಗುತ್ತಿರಲಿಲ್ಲ.

ಯಾಕೆಂದು ಆಕೆಯೇ ಒಮ್ಮೆ ಹೇಳಿದಳು. ಮದುವೆಯ ಹೊಸತರಲ್ಲಿ ಇಬ್ಬರೂ ಕಲ್ಯಾಣದಿಂದ ಬರುವಾಗ ಲೋಕಲ್ ಟ್ರೇನು ದಾರಿಯ ನಡುವೆ ನಿಂತು, ಡಬ್ಬಿಯೊಳಗೆ ಹೊಗೆ ತುಂಬಿತು. ಯಾರೋ ಬೆಂಕಿ ಎಂದರು. ಬಸಲಿಂಗಪ್ಪ ಒಂದೇ ನೆಗೆತಕ್ಕೆ ಕೆಳಗಿದ್ದರು. ಬಸುರಿ ನೀಲಗಂಗಾ ಕಿಟಕಿಯ ಸರಳು ಹಿಡಿದು ನೋಡಿದರೆ, ಗಂಡ ಹಳಿಯಾಚೆ ನಿಂತು ಅವಳನ್ನೇ ನೋಡುತ್ತಿದ್ದ. ತಿರುಗಿ ಬರಲಿಲ್ಲ. ಬೆಂಕಿಯೇನೂ ಇರಲಿಲ್ಲ, ಬ್ರೇಕಿನ ಹೊಗೆ. ಆ ವಿಷಯವನ್ನು ಅವರಿಬ್ಬರೂ ಮತ್ತೆ ಎತ್ತಲಿಲ್ಲ. ಅವಳ ಹೆದರಿಕೆ ಮಾತ್ರ ಹಾಗೇ ಉಳಿಯಿತು.

ಹೋದ ಚಳಿಗಾಲದಲ್ಲಿ ಆಕೆಗೆ ಮೊಣಕಾಲಿನ ಆಪರೇಷನ್ ಆಯಿತು. ವಾಕರ್ ಹಿಡಿದು ಮನೆಯೊಳಗೇ ಸುತ್ತಿ ಬೇಸತ್ತವಳು ಸಮುದ್ರ ನೋಡಬೇಕೆಂದಳು. ಬಸಲಿಂಗಪ್ಪ ಕಾರು ತೆಗೆದರು. ಘೋಡಬಂದರ್ ರಸ್ತೆಯಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಖಾಡಿಯ ಹಿನ್ನೀರು. ಕಂಡ ಕಂಡ ಲಾರಿಗೆಲ್ಲ ದಾರಿ ಬಿಡುತ್ತ, ಡಹಾಣೂ ದಾಟಿ, ಚಿಕ್ಕು ತೋಟಗಳ ನಡುವೆ ಹಾದು, ಮಹಾರಾಷ್ಟ್ರ ಕರಾವಳಿಯ ಉತ್ತರದ ತುದಿಯ ಬೋರ್ಡಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ದಾರಿಯುದ್ದಕ್ಕೂ ನೀಲಗಂಗಾ ಗಾಜು ಇಳಿಸಿ ತಾಳೆಮರ ನೋಡುತ್ತಿದ್ದಳಂತೆ.

ಸಮುದ್ರ ಬಹಳ ಹಿಂದಕ್ಕೆ ಸರಿದಿತ್ತು. ಮುಂದೆಲ್ಲ ಮೈದಾನದಂಥ ಒದ್ದೆ ಮರಳು. ವಾಕರ್ ಮರಳಿನಲ್ಲಿ ಹೂತುಹೋಗುತ್ತದೆ, ಹೆಂಡತಿಯ ಪಾದಕ್ಕೆ ನೀರಾದರೂ ತಾಗಲಿ ಎಂದು ಬಸಲಿಂಗಪ್ಪ ಕಾರನ್ನೇ ಅಲೆಯ ಹತ್ತಿರ ಒಯ್ದರು. ಲಿಫ್ಟಿಗೆ ಹೆದರುವ ಮನುಷ್ಯ ಸಮುದ್ರಕ್ಕೆ ಹೆದರಲಿಲ್ಲ ನೋಡಿ! ನಾನು ಮಲ್ಪೆಯವಳು, ನಮ್ಮ ಕಡೆ ಚಿಕ್ಕ ಮಗುವೂ ಇಂಥ ಕೆಲಸ ಮಾಡುವುದಿಲ್ಲ. ಅವರು ವಿಜಯಪುರದ ಕಡೆಯವರು. ಅಲ್ಲಿ ಜನ ಕೊಡ ಹಿಡಿದು ನೀರಿನ ಬಳಿ ಹೋಗುತ್ತಾರೆ, ನೀರು ಜನರ ಬಳಿ ಬರುವುದಿಲ್ಲ.

ನೀಲಗಂಗಾ ಸೀಟಿನಲ್ಲೇ ಕೂತು ಕಾಲು ಹೊರಗಿಟ್ಟು ಮನಸೋ ಇಚ್ಛೆ ನೀರಾಡಿದಳು. ಹೊರಡಬೇಕೆಂದರೆ ಚಕ್ರ ಹೂತುಹೋಗಿತ್ತು. ಬಸಲಿಂಗಪ್ಪ ಯಾರನ್ನಾದರೂ ಕರೆತರುತ್ತೇನೆಂದು ದಡದ ಎಳನೀರಿನವನ ಬಳಿ ನಡೆದರು. ತಿರುಗಿ ನೋಡಿದಾಗ ಅವರಿಗೂ ಕಾರಿಗೂ ನಡುವಿನ ತಗ್ಗಿನಲ್ಲಿ ನೀರು ತುಂಬಿತ್ತು. ಉಬ್ಬರ ಬಂತು, ಗಾಡಿಯಲ್ಲಿ ಯಾರಿದ್ದಾರೆ ಎಂದು ಎಳನೀರಿನವನು ಮರಾಠಿಯಲ್ಲಿ ಕೇಳಿದ. ಹೆಂಡತಿ ಎಂದರು. ನೀರಿಗಿಳಿಯಬೇಡಿ, ದೋಣಿಯವರನ್ನು ಕರೆತರುತ್ತೇನೆ ಎಂದು ಅವನು ಓಡಿದ.

ಕಾರಿನೊಳಗೆ ನೀರು ನೀಲಗಂಗಾಳ ಪಾದ ಮುಚ್ಚಿ ಮೇಲೇರುತ್ತಿತ್ತು. ವಾಕರ್ ಡಿಕ್ಕಿಯಲ್ಲಿತ್ತು. ಪ್ರತಿ ಅಲೆಗೂ ಕಾರು ಅಲುಗಾಡುತ್ತಿತ್ತು. ಬದಿಯ ಕನ್ನಡಿಯಲ್ಲಿ ಗಂಡ ಕಂಡ. ದಡದಲ್ಲಿ ನಿಂತಿದ್ದ, ನಿಂತೇ ಇದ್ದ. ಆದರೂ ಅವಳು ಕೂಗಲಿಲ್ಲ. ಕೂಗಿದರೂ ಬಾರದಿದ್ದರೆ ಏನು ಮಾಡಲಿ ಎಂದು ಕೂಗಲಿಲ್ಲವಂತೆ.

ಮತ್ತೆ ನೋಡಿದಾಗ ಕನ್ನಡಿಯಲ್ಲಿ ಅವನಿರಲಿಲ್ಲ. ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಯಾರೋ ಬಾಗಿಲನ್ನು ಪೂರ್ತಿ ಎಳೆದು ತೆರೆದರು. ಎದೆಯವರೆಗೆ ತೊಯ್ದ, ಚಪ್ಪಲಿ ಕಳೆದುಕೊಂಡ, ಹಲ್ಲು ಕಟಕಟಿಸುತ್ತಿದ್ದ ಬಸಲಿಂಗಪ್ಪ. ಬೆನ್ನು ತಿರುಗಿಸಿ ಬಾಗಿದರು, ಆಕೆ ಕೊರಳಿಗೆ ಕೈ ಹಾಕಿದಳು. ತಗ್ಗಿನ ನಡುವೆ ಒಮ್ಮೆ ಮುಗ್ಗರಿಸಿ ಇಬ್ಬರ ಬಾಯಿಗೂ ಉಪ್ಪುನೀರು ಹೋಯಿತು. ಮೊಣಕಾಲಿನ ನೋವಿಗೆ ಆಕೆ ಅವರ ಭುಜ ಕಚ್ಚಿ ಹಿಡಿದಳು. ಆದರೂ ಅವರು ಕೈಬಿಡಲಿಲ್ಲ. ದೋಣಿಯವರು ಬಂದು ಕಾರಿಗೆ ಹಗ್ಗ ಕಟ್ಟಿದ್ದು ಆಮೇಲೆ.

ದಡದ ಮರಳಿನಲ್ಲಿ ಇಬ್ಬರೂ ನಡುಗುತ್ತ ಕೂತಿದ್ದರು. ಭಾಳ ಅಂಜಿದ್ದೇನು ಎಂದು ಬಸಲಿಂಗಪ್ಪ ಕೇಳಿದರಂತೆ.

"ನೀರಿಗೆ ಅಂಜಲಿಲ್ರಿ. ನೀವು ಬರೂದಿಲ್ಲ ಅಂತ ಅಂಜಿದ್ದೆ."

ಬಸಲಿಂಗಪ್ಪ ತಲೆ ತಗ್ಗಿಸಿ, ಆಕೆಯ ಸೀರೆಯ ಅಂಚಿನಿಂದ ನೀರು ಹಿಂಡುತ್ತ ಕೂತರು.

"ನನಗೂ ಅದೇ ಅಂಜಿಕಿ ಇತ್ತು" ಎಂದರು.