ಫ್ಯಾನ್ ಆರಿಸುತ್ತಿದ್ದ ಅತ್ತೆ

ಅತ್ತೆಯ ಬಲಗೈ ತೋರುಬೆರಳಿನ ತುದಿ ಸ್ವಲ್ಪ ಸೊಟ್ಟಗಿತ್ತು. ಉಗುರಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಕಲೆ. ಇಲಿ ಕಚ್ಚಿದ್ದು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಹೆಣ್ಣು ಇಲಿಯಿಂದ ಕಚ್ಚಿಸಿಕೊಳ್ಳುವ ಕೆಲಸಕ್ಕೆ ಏಕೆ ಹೋದಳು ಎಂಬುದು ಸೋಲೂರಿನ ಪಕ್ಕದ ನಮ್ಮೂರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ನಾವು ಕುರಿ ಸಾಕ್ತೀವಿ, ನಮ್ಮಕ್ಕ ಇಲಿ ಸಾಕ್ತಾಳೆ. ಮಾರಕ್ಕೂ ಆಗಕಿಲ್ಲ, ತಿನ್ನಕ್ಕೂ ಆಗಕಿಲ್ಲ," ಎಂದು ಅಪ್ಪ ನೆಂಟರನ್ನು ನಗಿಸುತ್ತಿದ್ದ. ಅತ್ತೆಯೂ ನಗುತ್ತಿದ್ದಳು. "ಮರಿ ಎತ್ಕಂಡ್ರೆ ತಾಯಿ ಸುಮ್ನೆ ಬುಡ್ತದಾ? ಕಚ್ಚೇ ಕಚ್ತದೆ," ಎಂದು ಬೆರಳು ತೋರಿಸುತ್ತಿದ್ದಳು.

ಅಪ್ಪನ ಅಕ್ಕ ಅವಳು. ಮಾಗಡಿಯಲ್ಲಿ ಓದಿ, ಬೆಂಗಳೂರು ಸೇರಿ, ಮಿದುಳಿನ ಸಂಶೋಧನೆ ನಡೆಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಲಿಲ್ಲ. ನನ್ನ ಜೊತೆ ಮಾತಾಡುವ ಮೊದಲು ಅವಳು ಎದ್ದು ಫ್ಯಾನ್ ಆರಿಸುತ್ತಿದ್ದಳು, ಟೀವಿ ಆರಿಸುತ್ತಿದ್ದಳು, ರಸ್ತೆ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಆಮೇಲೆ ಎದುರಿಗೆ ಕೂತು, "ಈಗ ಹೇಳು ಮಗ," ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಇಬ್ಬರೂ ಬೆವರಿ ತೊಪ್ಪೆಯಾಗುತ್ತಿದ್ದೆವು. ನನ್ನ ಮಾತಿಗೋಸ್ಕರ ಹಾಗೆ ಬೆವರಿದವರು ಬೇರೆ ಯಾರೂ ಇಲ್ಲ.

ಚಿಕ್ಕಂದಿನಲ್ಲಿ ನನ್ನ ಎರಡೂ ಕಿವಿ ಸೋರುತ್ತಿದ್ದವು. ಕೂಸಾಗಿದ್ದಾಗ ಶುರುವಾದದ್ದು ಶಾಲೆಗೆ ಸೇರುವವರೆಗೂ ಬಿಟ್ಟು ಬಿಟ್ಟು ಸೋರಿತು. ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ತುರುಕುತ್ತಿದ್ದಳು. ಒಮ್ಮೆ ಊರಿಗೆ ಬಂದಿದ್ದ ಅತ್ತೆ ಅದನ್ನು ನೋಡಿ ಅಪ್ಪನಿಗೆ ಹೇಳಿದಳಂತೆ: "ಲೇ, ಎಣ್ಣೆ ಬುಡೋದು ನಿಲ್ಸಿ ಬೆಂಗ್ಳೂರಿಗೆ ಕರ್ಕೊಂಡು ಬಾ, ಕಿವಿ ಡಾಕ್ಟ್ರಿಗೆ ತೋರ್ಸಾನ. ಈ ವಯಸ್ನಲ್ಲಿ ಸದ್ದು ಸರ್ಯಾಗಿ ಒಳಕ್ಕೆ ಹೋಗ್ದಿದ್ರೆ ಮುಂದಕ್ಕೆ ಕಷ್ಟ ಆಯ್ತದೆ."

"ಕಿವಿ ಸೋರ್ದೆ ಇರೋ ಮಕ್ಳು ಯಾರ ಮನೇಲವ್ರೆ? ನೀನು ಹೆತ್ತಿದ್ರೆ ಗೊತ್ತಾಗೋದು," ಎಂದನಂತೆ ಅಪ್ಪ.

ಅತ್ತೆ ಅಂದೇ ಬಸ್ಸು ಹತ್ತಿದಳು. ಆಮೇಲೆ ಎಷ್ಟೋ ವರ್ಷ ಊರ ಕಡೆ ತಲೆಹಾಕಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಅವ್ವ.

ಕಿವಿ ತಾನಾಗಿಯೇ ವಾಸಿಯಾಯಿತು. ಅಪ್ಪ ಗೆದ್ದ. ಶಾಲೆಯಲ್ಲಿ ಮಾತ್ರ ನಾನು ದಡ್ಡಿಯಾದೆ. ತಗಡಿನ ಚಾವಣಿಯ ಒಂದೇ ಹಾಲಿನಲ್ಲಿ ಎರಡು ತರಗತಿ. ಅಲ್ಲಿ ಮಗ್ಗಿ, ಇಲ್ಲಿ ಪದ್ಯ, ಹೊರಗೆ ನೆಲಮಂಗಲದ ಬಸ್ಸಿನ ಹಾರನ್. ಎಲ್ಲವೂ ಒಂದೇ ಜೋರಿನಲ್ಲಿ ಬಂದು ತಲೆಗೆ ಬೀಳುತ್ತಿದ್ದವು. ಮೇಷ್ಟ್ರ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೆ. ಅವರು ಕೇಳಿದ್ದೊಂದು, ನಾನು ಹೇಳಿದ್ದೊಂದು. ಬೆತ್ತದ ಏಟು ತಪ್ಪುತ್ತಿರಲಿಲ್ಲ. ಅದೇ ನಾನು ಹೊಲದಲ್ಲಿ ಅಪ್ಪ ಮೆಲ್ಲಗೆ ಕರೆದರೂ ಓಡಿಬರುತ್ತಿದ್ದೆ. "ಬೇಕಾದ್ದು ಕೇಳ್ತದೆ, ಬ್ಯಾಡದ್ದು ಕೇಳಕಿಲ್ಲ. ಎಲ್ಲಾ ನಾಟ್ಕ," ಎಂದು ಅಪ್ಪ ತೀರ್ಮಾನಿಸಿಬಿಟ್ಟ. ಅದನ್ನು ರುಜುವಾತು ಮಾಡಲೆಂದೇ ರಾಮನಗರಕ್ಕೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದ. ಸದ್ದಿಲ್ಲದ ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನ್, ಕುಯ್ಯೆನ್ನುವ ಸಣ್ಣ ದನಿ. ಎಲ್ಲವೂ ಕೇಳಿಸಿತು. ಅಷ್ಟು ಸುಖವಾಗಿ ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಕಿವಿ ಸರಿಯಾಗಿದೆ ಎಂದು ಬರೆದುಕೊಟ್ಟರು. ಅಂದು ಮನೆಯಲ್ಲಿ ಬಿದ್ದ ಏಟಿನ ಮುಂದೆ ಮೇಷ್ಟ್ರ ಏಟು ಏನೂ ಅಲ್ಲ.

ಅಜ್ಜಿ ತೀರಿಕೊಂಡಾಗ ಅತ್ತೆ ಮತ್ತೆ ಬಂದಳು. ತಿಥಿಯ ಗದ್ದಲದಲ್ಲಿ ಅವಳು ನನಗೆ ಏನೋ ಹೇಳಿದಳು. ನಾನು ಅವಳ ತುಟಿಯನ್ನೇ ನೋಡುತ್ತ ನಿಂತೆ. ಅವಳ ಮುಖ ಬಾಡಿಹೋಯಿತು. ಮಾರನೆಯ ದಿನ ಅವ್ವನನ್ನೂ ನನ್ನನ್ನೂ ಗೋಡೆಗೆ ಮುಖಮಾಡಿ ಕೂರಿಸಿ, ಬೆನ್ನ ಹಿಂದೆ ನಿಂತು ಒಂದೊಂದೇ ಪದ ಹೇಳತೊಡಗಿದಳು. ರಾಗಿ, ಬಾಗಿಲು, ಹುಣಸೆ, ಹಗ್ಗ. ಇಬ್ಬರೂ ತಪ್ಪಿಲ್ಲದೆ ಒಪ್ಪಿಸಿದೆವು. ಆಮೇಲೆ ಪಕ್ಕದಲ್ಲೇ ಮಿಕ್ಸಿ ಹಾಕಿ ಮತ್ತೆ ಪದ ಹೇಳಿದಳು. ಅವ್ವ ಹೇಳುತ್ತಲೇ ಹೋದಳು. ನನಗೆ ಅಳು ಬಂತು. ಅತ್ತೆ ಮಿಕ್ಸಿ ಆರಿಸಿದಳು.

ಬಾಗಿಲಲ್ಲಿ ಕೂತು ನೋಡುತ್ತಿದ್ದ ಅಪ್ಪ, "ಮಿಕ್ಸಿ ಹಾಕುದ್ರೆ ಯಾರಿಗ್ ಕೇಳ್ತದೆ?" ಎಂದ.

"ನಿನ್ ಹೆಂಡ್ತಿಗೆ ಕೇಳ್ತಲ್ಲ, ಕಾಣ್ಲಿಲ್ವೇನ್ಲಾ?" ಎಂದಳು ಅತ್ತೆ.

ಅಪ್ಪ ಕುರಿಗೆ ನೀರು ಕುಡಿಸಬೇಕು ಎಂದು ಎದ್ದುಹೋದ.

ಆ ಸಂಜೆ ಕುರಿದೊಡ್ಡಿಯ ಹತ್ತಿರ ನಿಂತು ಅತ್ತೆ ತನ್ನ ಇಲಿಮರಿಗಳ ಕತೆ ಹೇಳಿದಳು. ಹುಟ್ಟಿದ ಇಲಿಮರಿಗೆ ಹೆಚ್ಚುಕಡಿಮೆ ಹನ್ನೆರಡು ದಿನ ಕಿವಿಯೇ ತೆರೆದಿರುವುದಿಲ್ಲ. ಮಿದುಳಿನಲ್ಲಿ ಸದ್ದನ್ನು ಮುಂದಕ್ಕೆ ಸಾಗಿಸುವ ಕೋಶಗಳಿರುವ ಹಾಗೆಯೇ ಪಕ್ಕದ ಕೋಶಕ್ಕೆ "ಸುಮ್ಕಿರು" ಎನ್ನುವ ಕೋಶಗಳೂ ಇವೆ. ಎಳೆಯ ಮರಿಯಲ್ಲಿ ಈ ತಡೆಯುವ ಕೋಶಗಳಿಗೆ ಇನ್ನೂ ತಡೆಯಲು ಬಾರದು. ಅವು ಕಳಿಸುವ ಸಂಕೇತ ಪಕ್ಕದ ಕೋಶವನ್ನು ಸುಮ್ಮನಾಗಿಸುವ ಬದಲು ಕೆರಳಿಸುತ್ತದೆ. ದಿನ ಕಳೆದಂತೆ ಅದೇ ಸಂಕೇತ ತಿರುಗಿ ನಿಜವಾದ ತಡೆಯಾಗುತ್ತದೆ. ಕಿವಿ ತೆರೆದು ಸದ್ದು ಚೊಕ್ಕಟವಾಗಿ ಒಳಗೆ ಬರತೊಡಗಿದ ಮೇಲೆ ಆ ತಡೆ ಚುರುಕಾಗಿ ಬಲಿಯುತ್ತದೆ. ಆ ಎಳೆ ವಯಸ್ಸಿನಲ್ಲಿ ಕಿವಿ ಕಟ್ಟಿಕೊಂಡಿದ್ದರೆ ತಡೆ ಬಲಿಯದೆ ಉಳಿಯುತ್ತದೆ. ಮುಂದೆ ಕಿವಿ ವಾಸಿಯಾದರೂ ಒಳಗಿನ ಕೊರತೆ ಸುಲಭಕ್ಕೆ ತುಂಬುವುದಿಲ್ಲ.

"ದೊಡ್ಡಿ ಬಾಗ್ಲಲ್ಲಿ ನಿಂತೋನು ಏನ್ ಮಾಡ್ತಾನೆ ಹೇಳು? ಮಿಕ್ಕಿದ್ದನ್ನ ತಡೀತಾನೆ. ಅದಕ್ಕೇ ಒಂದೊಂದೇ ಕುರಿ ಕಾಣ್ತದೆ. ಅವ್ನಿಲ್ದಿದ್ರೆ ಎಲ್ಲಾ ಒಟ್ಗೆ ನುಗ್ತವೆ. ಕೇಳೋದು ಅಂದ್ರೆ ಬರೀ ಒಳಕ್ಕೆ ಬುಟ್ಕೊಳ್ಳೋದಲ್ಲ ಮಗ, ತಡೆಯೋದೂವೆ."

"ನನ್ ತಲೇಲೂ ಹಂಗೇ ಆಗೈತಾ ಅತ್ತೆ?"

"ಇಲೀಲಿ ನೋಡಿವ್ನಿ. ನಿನ್ ತಲೆ ತೆಗ್ದು ನೋಡಿಲ್ಲ." ದೊಡ್ಡಿಯ ಬಾಗಿಲು ಎಳೆದುಕೊಳ್ಳುತ್ತ ಹೇಳಿದಳು: "ಹಂಗೇ ಇರ್ಬೋದು ಅನ್ನುಸ್ತದೆ. ಅವತ್ತು ನಿಮ್ಮಪ್ಪನ ಮಾತ್ಗೆ ಮುನಿಸ್ಕೊಂಡು ಬಸ್ ಹತ್ಬಾರ್ದಾಗಿತ್ತು. ಜಗ್ಳ ಆಡ್ಬೇಕಾಗಿತ್ತು."

ನನಗೆ ಅವಳ ಮೇಲೂ ಸಿಟ್ಟಿದೆ. ಈಗಲೂ ಇದೆ. ಎಷ್ಟೋ ಮರಿಗಳನ್ನು ಕೊಂದು ಕಲಿತ ವಿದ್ಯೆ ಅದು. ಕೊಂದದ್ದನ್ನು ಅವಳು ಮುಚ್ಚಿಡಲಿಲ್ಲ. ಆ ವಿದ್ಯೆಯನ್ನು ಚೀಲದಲ್ಲಿ ಹಾಕಿಕೊಂಡು, ತಮ್ಮನ ಒಂದು ಮಾತಿಗೆ ನನ್ನ ಸೋರುವ ಕಿವಿಯನ್ನು ಬಿಟ್ಟು ಹೋದಳು. ಇಲಿಮರಿಗಾದರೂ ಕಚ್ಚುವ ತಾಯಿಯಿತ್ತು. ಆದರೆ ಅಪ್ಪ ಒಪ್ಪದ ತಪ್ಪನ್ನು ಅವಳು ಒಪ್ಪಿಕೊಂಡಳು, ಒಪ್ಪಿಕೊಂಡು ಸುಮ್ಮನೆ ಕೂರಲಿಲ್ಲ.

ಶಾಲೆಗೆ ಬಂದು ಮೇಷ್ಟ್ರಿಗೆ ತಿಳಿಸಿ ಹೇಳಿ, ನನ್ನನ್ನು ಕಿಟಕಿಯಿಂದ ದೂರ, ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಅವಳ ಬಸ್ಸು ನೆಲಮಂಗಲ ಮುಟ್ಟಿತ್ತೋ ಇಲ್ಲವೋ, ಮೇಷ್ಟ್ರು ನನ್ನನ್ನು ಮತ್ತೆ ಹಿಂದಕ್ಕೆ ಅಟ್ಟಿದರು. "ಇಲಿ ಡಾಕ್ಟ್ರಮ್ಮ ಹೇಳ್ಬುಟ್ಳು ಅಂತ ಇಸ್ಕೂಲ್ ನಡ್ಸಕ್ಕಾಯ್ತದಾ?" ಎಂದರಂತೆ. ಪಕ್ಕದ ಹುಡುಗಿ ಆಮೇಲೆ ಹೇಳಿದಳು. ಎಲ್ಲರೂ ನಕ್ಕದ್ದಂತೂ ಕಂಡಿತ್ತು.

ಅಂದಿನಿಂದ ಅತ್ತೆ ರಜೆ ಸಿಕ್ಕಾಗಲೆಲ್ಲ ಬರತೊಡಗಿದಳು. ಕೋಣೆಯ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಪಾಠ ಹೇಳಿದಳು. ಮೇಷ್ಟ್ರಿಂದ ನನಗೆ ತಲುಪದ್ದೆಲ್ಲ ಆ ಸೆಕೆಯ ಕೋಣೆಯಲ್ಲಿ ತಲುಪಿತು. ಇಂದು ರಾಮನಗರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ಅನ್ನ ತಿನ್ನುತ್ತಿದ್ದೇನೆ. ಅವಳ ಬೆವರಿನ ಅನ್ನ. ಮದುವೆಮನೆಗಳಲ್ಲಿ ಮಾತ್ರ ಈಗಲೂ, ನಗುವವರ ಮುಖ ನೋಡಿ ನಾನೂ ನಗುತ್ತೇನೆ.

ಕಳೆದ ವರ್ಷ ಅವಳು ಬೆಂಗಳೂರಿನ ಆಸ್ಪತ್ರೆ ಸೇರಿದಳು. ಇನ್ನು ಹೆಚ್ಚು ಹೊತ್ತಿಲ್ಲ ಎಂದಾಗ ಊರಿನ ನೆಂಟರೆಲ್ಲ ಮಂಚ ಸುತ್ತುವರಿದರು. ಒಬ್ಬರು ಫೋನಿನಲ್ಲಿ ಅರಚುತ್ತಿದ್ದರು, ಚಿಕ್ಕಮ್ಮ ಗೋಳಾಡುತ್ತಿದ್ದಳು, ಪಕ್ಕದ ಮಂಚದ ಯಂತ್ರ ಕೂಗುತ್ತಿತ್ತು, ತಲೆಯ ಮೇಲೆ ಹಳೆ ಫ್ಯಾನ್ ಗಡಗಡ ತಿರುಗುತ್ತಿತ್ತು. ಅತ್ತೆ ನನ್ನನ್ನೇ ನೋಡಿದಳು. ಆ ಸೊಟ್ಟ ಬೆರಳನ್ನು ಮೇಲಕ್ಕೆ ಎತ್ತಿದಳು.

"ದೇವ್ರುನ್ನ ತೋರುಸ್ತಾವ್ಳೆ," ಎಂದರಂತೆ ಯಾರೋ. ಎಲ್ಲರೂ ಕೈ ಮುಗಿದರು. ಕೆಂಗಲ್ ಹನುಮಂತರಾಯನನ್ನು ಗಟ್ಟಿಯಾಗಿ ಕೂಗತೊಡಗಿದರು. ಅವಳು ತೋರಿಸಿದ್ದು ಏನೆಂದು ನನಗೊಬ್ಬಳಿಗೇ ಗೊತ್ತಿತ್ತು. ಗೋಡೆಯ ಹತ್ತಿರ ಹೋಗಿ ಫ್ಯಾನ್ ಆರಿಸಿದೆ. ಅಪ್ಪ ನನ್ನ ಪಕ್ಕಕ್ಕೇ ಬಂದು, "ಸೆಕೆ ಆಯ್ತದೆ, ಹಾಕು," ಎಂದು ಕೈ ತಳ್ಳಿ ಮತ್ತೆ ಹಾಕಿದ.

ಓಡಿ ಬಂದು ಅವಳ ತುಟಿಗೆ ಕಿವಿ ಕೊಟ್ಟೆ. ಬಿಸಿ ಉಸಿರು ತಾಗಿತು. ಮಾತು ಬಂತು. ಅದರ ಜೊತೆಗೆ ಫ್ಯಾನ್, ಯಂತ್ರ, ಗೋಳು, ಹನುಮಂತರಾಯ ಎಲ್ಲವೂ ಬಂದವು. ಒಂದು ಪದವೂ ಬಿಡಿಯಾಗಲಿಲ್ಲ. ತುಟಿಯನ್ನಾದರೂ ನೋಡೋಣವೆಂದು ತಲೆ ಎತ್ತಿದರೆ ಅದು ಆಡುವುದನ್ನು ನಿಲ್ಲಿಸಿತ್ತು. ಸಂಜೆ ಅವಳು ಹೋದಳು.

ಅಕ್ಕ ದೇವರನ್ನು ತೋರಿಸಿ ಹೋದಳು ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ನನ್ನ ಮನೆಗೆ ಬಂದಾಗಲೆಲ್ಲ ಮಾತ್ರ ಅದೇ ಪ್ರಶ್ನೆ: "ನಿನ್ ಕಿವೀಲಿ ಏನೋ ಅಂದ್ಲಲ್ಲವ್ವ, ಏನಂದ್ಲು?" ನಾನು ಎದ್ದು ಮೊದಲು ಫ್ಯಾನ್ ಆರಿಸುತ್ತೇನೆ.

"ಸೆಕೆ ಆಯ್ತದೆ ಕಣವ್ವ, ಹಾಕು," ಅನ್ನುತ್ತಾನೆ.

"ಅವತ್ತೂ ನೀನು ಇದ್ನೇ ಅಂದಿದ್ದು ಕಣಪ್ಪ," ಅನ್ನುತ್ತೇನೆ. "ನಂಗೆ ಕೇಳ್ಸಿದ್ದು ಅದೊಂದೇ."