ಶಾಲೆ ದಾಟಿ ಹೋದ ಬಸ್ಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲಾ ಬಸ್ಸಿನ ಮುಂದಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರುವ ಚಾಲಕರು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾರೆ. ಕೈ ಇಲ್ಲಿದೆ, ಮನಸ್ಸು ಇನ್ನೆಲ್ಲೋ ಇದೆ. ಆಜಾನುಬಾಹು ದೇಹ, ಹುರಿ ಮಾಡಿದ ಮೀಸೆ. ನೋಡಿದರೆ ಎಂಥವರೂ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಆದರೆ ಈ ಬಸ್ಸಿನ ಮಕ್ಕಳು ಅವರನ್ನು ಕರೆಯುವುದು ‘ಅಳುಮುಂಜಿ ಮಾಮ’ ಎಂದು.

“ಆ ಹುಡುಗಿ ಬಾಗಿಲು ತೆಗೀತಾಳೋ ಇಲ್ವೋ ಅಂತ ಇವತ್ತು ಗೊತ್ತಾಗ್ಬೇಕು ಸಾರ್. ರಾತ್ರಿಯೆಲ್ಲ ಕಣ್ಣಿಗೆ ನಿದ್ದೆ ಹತ್ತಿಲ್ಲ,” ಎಂದು ಈ ಬಸ್ಸಿನ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಆ ಹುಡುಗಿ ಇರುವುದು ಒಂದು ಕಾದಂಬರಿಯಲ್ಲಿ.

ಲಾರಿ ಓಡಿಸಿ ಸಾಕಾಗಿ ಶಾಲಾ ಬಸ್ಸಿಗೆ ಬಂದವರು ಇವರು. ಶಾಲೆಗೆ ಸ್ವತಃ ಹೋಗಿದ್ದು ಕಡಿಮೆ. ಅಂಗಡಿಯ ಬೋರ್ಡು ಓದಲಿಕ್ಕೂ ಗಾಡಿ ನಿಧಾನ ಮಾಡಬೇಕು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ಹಿಂದಿನ ಸೀಟಿನ ಹುಡುಗಿಯರು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

“ಯಾರಿಗೆ ಏನಾಯ್ತೋ ಅಂತ ಗಾಡಿ ಪಕ್ಕಕ್ಕೆ ಹಾಕಿ ಓಡಿದೆ. ನೋಡಿದ್ರೆ ಸತ್ತಿದ್ದು ಪುಸ್ತಕದಲ್ಲಿರೋ ಹುಡುಗ! ಬೈಯೋಣ ಅಂತ ಹೋದೋನು, ‘ಹೇಗೆ ಸತ್ತ?’ ಅಂತ ಕೇಳ್ಬಿಟ್ಟೆ. ಅಷ್ಟೇ, ಅವತ್ತೇ ಕೆಟ್ಟೆ.”

ಮರುದಿನದಿಂದ ಬಸ್ಸಿನಲ್ಲಿ ಓದು ಶುರುವಾಯಿತು. ಹದಿಹರೆಯದವರ ಕಾದಂಬರಿಗಳೇ ಆಗಬೇಕು, ಎದೆ ಹಿಂಡುವಂಥವೇ ಆಗಬೇಕು. ಒಂಬತ್ತನೇ ತರಗತಿಯ ಗಟ್ಟಿ ಗಂಟಲಿನ ಹುಡುಗಿಯೊಬ್ಬಳು ಓದುತ್ತಾಳೆ. ಅವಳ ಹೆಸರು ರೇಡಿಯೊ ಎಂದೇ ಆಗಿಹೋಗಿದೆ. ಇಲ್ಲಿನ ಕಾನೂನು ಒಂದೇ: ಯಾರೂ ಮುಂದಿನ ಪುಟ ಕದ್ದು ನೋಡುವಂತಿಲ್ಲ. ನೋಡಿ ಬಾಯಿಬಿಟ್ಟರೆ ವಾರವಿಡೀ ಬಸ್ಸು ಗುಡಿಸಬೇಕು. ಕತೆಯಲ್ಲಿ ಒಳ್ಳೆಯದಾದರೆ ಮಾಮ ಹಾರ್ನ್ ಹೊಡೆಯುತ್ತಾರೆ, ಕೆಟ್ಟವರು ತಿದ್ದಿಕೊಂಡರೆ “ಹಾಗೆ ಬಾ ದಾರಿಗೆ!” ಎಂದು ಕೂಗುತ್ತಾರೆ. ರಸ್ತೆಯಲ್ಲಿ ಹೋಗುವವರು ತಮಗೇ ಹೇಳಿದ್ದೆಂದು ಬೆಚ್ಚಿ ಪಕ್ಕಕ್ಕೆ ಸರಿದದ್ದೂ ಇದೆಯಂತೆ.

ಈಗಿನ ಕಾದಂಬರಿ ಅಕ್ಕ ತಂಗಿಯರದು. ಒಂದೇ ಕೋಣೆಯಲ್ಲಿ ಮಲಗುತ್ತಾರೆ, ವರ್ಷದಿಂದ ಮಾತಿಲ್ಲ. ಅಕ್ಕ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದಾಳೆ. ತಂಗಿ ಬಂದು ಆಸ್ಪತ್ರೆಯ ಕೋಣೆಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಾಳೆ. ರೇಡಿಯೊ ಅಲ್ಲಿಯವರೆಗೆ ಓದಿದ ದಿನವೇ ಆಗಬಾರದ್ದು ಆಯಿತು. ಬಸ್ಸು ಶಾಲೆಯ ಗೇಟು ದಾಟಿತು, ಸೇತುವೆ ದಾಟಿತು, ಪೆಟ್ರೋಲ್ ಬಂಕ್ ಕೂಡ ದಾಟಿತು. ಬಸ್ಸಿನ ತುಂಬ ಇದ್ದ ಮಕ್ಕಳಲ್ಲಿ ಒಬ್ಬರಾದರೂ “ಮಾಮ, ಶಾಲೆ!” ಎನ್ನಲಿಲ್ಲ. ಎಲ್ಲರೂ ಆ ಬಾಗಿಲ ಮುಂದೆಯೇ ನಿಂತಿದ್ದರು.

“ಕಣ್ಣು ರಸ್ತೆ ಮೇಲಿತ್ತು, ಕಿವಿ ಆಸ್ಪತ್ರೇಲಿತ್ತು. ತಪ್ಪು ನಂದೇ. ಮಕ್ಕಳನ್ನ ಕೂರಿಸ್ಕೊಂಡು ಹಾಗೆ ಮೈಮರೀಬಾರ್ದು,” ಎಂದು ಮಾಮ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ.

ಮಕ್ಕಳು ದೊಡ್ಡ ಮಿಸ್ ಎನ್ನುವ ಮುಖ್ಯೋಪಾಧ್ಯಾಯಿನಿ ಓದು ನಿಲ್ಲಿಸಿಬಿಟ್ಟರು. ಅವರದೂ ತಪ್ಪಲ್ಲ. ಅಂದಿನಿಂದ ಪುಸ್ತಕ ರೇಡಿಯೊಳ ಚೀಲದಲ್ಲಿದೆ. ಒಂದು ಸಾಲೂ ಇಣುಕಿಲ್ಲವೆಂದು ಆಣೆ ಮಾಡುತ್ತಾಳೆ. ಮಕ್ಕಳೆಲ್ಲ ಹೋಗಿ ಗೋಗರೆದ ಮೇಲೆ ದೊಡ್ಡ ಮಿಸ್ ಒಂದು ಷರತ್ತು ಹಾಕಿದರು. ಒಂದು ವಾರ ಎಲ್ಲರೂ ಕಾಲು ಗಂಟೆ ಮೊದಲೇ ಸ್ಟಾಪಿಗೆ ಬರಬೇಕು. ಹಾಗೆ ಬಂದರೆ, ನಿಂತ ಬಸ್ಸಿನಲ್ಲಿ, ಕೀಲಿ ತಮ್ಮ ಕೈಗೆ ಕೊಟ್ಟು, ಗಂಟೆ ಹೊಡೆಯುವವರೆಗೆ ಓದಿಕೊಳ್ಳಬಹುದು. ಒಬ್ಬರು ತಪ್ಪಿದರೂ ಓದಿನ ಆಸೆ ಬಿಟ್ಟುಬಿಡಬೇಕು. ಹಾಸಿಗೆಯಿಂದ ಎಬ್ಬಿಸಲು ನೀರು ಚಿಮುಕಿಸಬೇಕಿದ್ದ ಮಕ್ಕಳು ತಾವೇ ಎದ್ದು ಕೂತದ್ದನ್ನು ಕಂಡು, ಮೈಗೆ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದ ತಾಯಂದಿರಿದ್ದಾರೆ.

ಇಂದು ಆ ವಾರದ ಕೊನೆಯ ದಿನ.

ಆದರೆ ಮಾಮನ ಆತಂಕ ಬರೀ ಕತೆಯದಲ್ಲ. ಅವರಿಗೊಬ್ಬ ಅಕ್ಕ ಇದ್ದಾರೆ, ಎರಡು ಬೀದಿ ಆಚೆ. ಐದು ವರ್ಷದಿಂದ ಮುಖ ನೋಡಿಲ್ಲ. “ಯಾಕೆ ಜಗಳ ಆಡಿದ್ವಿ ಅಂತ ಈಗ ನಂಗೇ ಸರಿಯಾಗಿ ನೆನಪಿಲ್ಲ ಸಾರ್! ಈ ಪುಸ್ತಕ ಕೇಳಿ ತಡೀಲಾರದೆ ಫೋನ್ ಮಾಡಿದೆ. ಏನು ಮಾತಾಡೋದು ಗೊತ್ತಾಗ್ದೆ ಕತೆ ಹೇಳ್ದೆ. ಈಗ ದಿನಾ ಅವಳೇ ಮಾಡ್ತಾಳೆ, ‘ಮುಂದೇನಾಯ್ತೋ?’ ಅಂತ. ಬೇರೆ ಮಾತಿಲ್ಲ, ಕತೆ ಒಂದೇ. ಮನೆಗೆ ಹೋಗೋಕೆ ಮಾತ್ರ ಧೈರ್ಯ ಬಂದಿಲ್ಲ. ಆ ಹುಡುಗಿ ಬಾಗಿಲು ತೆಗೆದ್ರೆ ನಾನೂ ಹೋಗ್ತೀನಿ ಅಂದ್ಕೊಂಡಿದೀನಿ.”

ಬಸ್ಸು ಹೊರಡುತ್ತದೆ. ಸ್ಟಾಪಿನಿಂದ ಸ್ಟಾಪಿಗೆ ಮಕ್ಕಳು ಸಿಪಾಯಿಗಳ ಹಾಗೆ ನಿಂತಿದ್ದಾರೆ. ಕೊನೆಯ ಸ್ಟಾಪಿನಲ್ಲಿ ಮಾತ್ರ ಯಾರೂ ಇಲ್ಲ. ಅಲ್ಲಿ ಹತ್ತಬೇಕಾದವಳು ಬಸ್ಸಿಗೆಲ್ಲ ಹೆಸರಾದ ನಿದ್ದೆಬುರುಕಿ. ಮಾಮ ಕನ್ನಡಿ ನೋಡುತ್ತಾರೆ, ಗಡಿಯಾರ ನೋಡುತ್ತಾರೆ. ರೇಡಿಯೊ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಾಳೆ. ನಾನೂ ಓಣಿಯತ್ತಲೇ ಕತ್ತು ಚಾಚಿದ್ದೇನೆ. ಮಾಮ ಗೇರು ಹಾಕುವಷ್ಟರಲ್ಲಿ ಓಣಿಯ ತಿರುವಿನಿಂದ ಅಪ್ಪನ ಸ್ಕೂಟರಿನ ಮೇಲೆ ಕೆದರಿದ ಕೂದಲ ಹುಡುಗಿ ಬರುತ್ತಾಳೆ. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಬಸ್ಸು ಒಂದೇ ಬಾಯಿಂದ ಕೂಗುತ್ತದೆ.

ಶಾಲೆಯ ಅಂಗಳದಲ್ಲಿ ಎಂಜಿನ್ ನಿಲ್ಲುತ್ತದೆ. ಕೀಲಿ ಈಸಿಕೊಂಡ ದೊಡ್ಡ ಮಿಸ್ ಒಳಗೆ ಹೋಗುವುದಿಲ್ಲ. ಮೆಟ್ಟಿಲ ಮೇಲೇ ನಿಂತಿದ್ದಾರೆ. ರೇಡಿಯೊ ಗಂಟಲು ಸರಿಮಾಡಿಕೊಂಡು ಓದುತ್ತಾಳೆ. ತಂಗಿ ಬಾಗಿಲು ತಳ್ಳುತ್ತಾಳೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಪಾದಗಳನ್ನು ಆಗಲೇ ಕಂಡಿದ್ದ ಅಕ್ಕ ಹಾಸಿಗೆಯಿಂದ ಕೇಳುತ್ತಾಳೆ: “ಇಷ್ಟು ಹೊತ್ತು ನಿಂತೇ ಇದ್ದೆಯಲ್ಲೇ, ಕಾಲು ನೋಯಲಿಲ್ಲವಾ?”

ಹಾರ್ನ್ ಮೊಳಗುತ್ತದೆ. ಕೀಲಿ ಇಲ್ಲದಿದ್ದರೂ ಈ ಬಸ್ಸಿನ ಹಾರ್ನ್ ಕೂಗುತ್ತದೆಂದು ದೊಡ್ಡ ಮಿಸ್‌ಗೆ ಈಗ ಗೊತ್ತಾಯಿತು. ಗದರಲು ಬಾಯಿ ತೆರೆದವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಮಾಮನ ಮೀಸೆ ಪೂರ್ತಿ ಒದ್ದೆ.

ಮಕ್ಕಳು ಇಳಿದ ಮೇಲೆ ಮಾಮ ಫೋನ್ ಹಚ್ಚುತ್ತಾರೆ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿದೆ.

“ಅಕ್ಕಾ, ಆ ಹುಡುಗಿ...”

“ಬಾಯ್ಮುಚ್ಚು! ಹೇಳ್ಬೇಡ. ಪುಸ್ತಕ ಇಸ್ಕೊಂಡು ಸಂಜೆ ಮನೆಗೆ ಬಾ. ನೀನೇ ಓದು, ನಾನು ಕೇಳ್ತೀನಿ.”

“ನಾನಾ? ಒಂದು ಪುಟ ಓದೋಕೆ ನಂಗೆ ಬೆಳಗಾಗುತ್ತೆ ಕಣೇ.”

“ಆಗ್ಲಿ ಬಿಡೋ. ಊಟ ಇಲ್ಲೇ ಮಾಡು, ಇಲ್ಲೇ ಮಲಕ್ಕೋ, ನಾಳೆ ಮುಂದಿನ ಪುಟ ಓದು.”